ಲಾರಿ ಹೊರಡುವ ಮುನ್ನ ಅರ್ಧ ಗಳಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ - ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಬದುಕು ಇಂದು ಲಾರಿಯ ಗಾಲಿಗಳ ಮೇಲೆ ಉರುಳುತ್ತಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಗದ್ದೆಯ ಕಬ್ಬು ಕಾರ್ಖಾನೆಗೆ, ಆಲೆಮನೆಯ ಬೆಲ್ಲ ಮಂಡ್ಯದ ಮಾರುಕಟ್ಟೆಗೆ, ಕಣದ ಭತ್ತ ಗಿರಣಿಗೆ, ತೋಟದ ತೆಂಗಿನಕಾಯಿ ದೂರದ ಪಟ್ಟಣಗಳಿಗೆ ಸೇರಬೇಕಾದರೆ ಲಾರಿಯೇ ಗತಿ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಒಂದು ಲಾರಿಯ ಸಾಲದ ಕಂತು ಇದೆ. ಎಷ್ಟೋ ಮನೆಗಳಲ್ಲಿ ಸ್ಟೀರಿಂಗ್ ಹಿಡಿದು ರಾತ್ರಿಯೆಲ್ಲ ಎಚ್ಚರವಿರುವ ಮಗನಿದ್ದಾನೆ, ಅಳಿಯನಿದ್ದಾನೆ. ಆದುದರಿಂದ ಲಾರಿಯ ಕ್ಷೇಮವೆಂಬುದು ಗ್ಯಾರೇಜಿನವರ ವಿಚಾರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅದು ಸಂಸಾರದ ವಿಚಾರವೂ ಹೌದು.

ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದವರು. ಯಂತ್ರವಿದ್ಯೆಗೂ ನಮಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ದಾಸೋಹಕ್ಕೆ ದವಸ ಹೊತ್ತು ಬರುವ ಲಾರಿಗಳ ಚಾಲಕರೊಡನೆಯೂ ಅವುಗಳನ್ನು ದುರಸ್ತಿ ಮಾಡುವ ಮೆಕ್ಯಾನಿಕ್ಕುಗಳೊಡನೆಯೂ ನಮ್ಮ ಒಡನಾಟ ಬಹುಕಾಲದ್ದು. ಅವರಿಂದ ಕೇಳಿ, ಕಂಡು, ತಿಳಿದವರನ್ನು ವಿಚಾರಿಸಿ ಮನದಟ್ಟು ಮಾಡಿಕೊಂಡ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ. ಲಾರಿ ಹೊರಡುವ ಮುನ್ನ ಅದರ ಎಂಜಿನ್ನನ್ನು ಒಮ್ಮೆ ತೆರೆದು ನೋಡುವುದಕ್ಕೆ ಹನ್ನೆರಡು ನಿಮಿಷ ಸಾಕು. ನಮ್ಮ ಹಿರಿಯರ ಲೆಕ್ಕದಲ್ಲಿ ಅದು ಅರ್ಧ ಗಳಿಗೆ.

ಕಡಾಣಿಯ ಪಾಠ

೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಈ ಸೀಮೆಯಲ್ಲಿ ಕಬ್ಬು ನೆಲೆಯೂರಿತು. ಆ ಕಬ್ಬನ್ನು ಬಹುಕಾಲ ಹೊತ್ತದ್ದು ಎತ್ತಿನ ಗಾಡಿ. ನಾವು ಬಾಲಕರಾಗಿದ್ದಾಗಲೂ ಸಾಲುಗಟ್ಟಿದ ಕಬ್ಬಿನ ಗಾಡಿಗಳನ್ನು ಕಂಡಿದ್ದೇವೆ.

ಆ ಕಾಲದ ಗಾಡಿ ಹೊಡೆಯುವವನು ಅಕ್ಷರ ಬಲ್ಲವನಾಗಿರಲಿ, ಇಲ್ಲದಿರಲಿ, ನೊಗಕ್ಕೆ ಎತ್ತು ಕಟ್ಟುವ ಮೊದಲು ಒಂದು ಸುತ್ತು ಬರುತ್ತಿದ್ದನು. ಅಚ್ಚಿನ ತುದಿಯಲ್ಲಿ ಕಡಾಣಿ ಭದ್ರವಾಗಿದೆಯೇ, ಗಾಲಿಯ ಪಟ್ಟೆ ಸಡಿಲವಾಗಿಲ್ಲವೇ, ಅಚ್ಚಿಗೆ ಕೀಲೆಣ್ಣೆ ಇದೆಯೇ, ಎತ್ತಿನ ಹೆಗಲು ಹುಣ್ಣಾಗಿಲ್ಲವೇ, ಗೊರಸಿಗೆ ಹೊಡೆದ ಲಾಳ ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಿದ್ದನು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲೆಸಿದ ಕೀಲೆಣ್ಣೆಯನ್ನು ತುಂಬಿದ ಗೊಟ್ಟವೊಂದು ಗಾಡಿಯ ಕೆಳಗೆ ತೂಗುತ್ತಲೇ ಇರುತ್ತಿತ್ತು.

ಕಡಾಣಿಯೆಂಬುದು ಒಂದು ಗೇಣು ಉದ್ದವೂ ಇಲ್ಲದ ಕಬ್ಬಿಣದ ಕೀಲು. ಅದು ಕಳಚಿದರೆ ಗಾಲಿ ಕಳಚುತ್ತದೆ. ಗಾಲಿ ಕಳಚಿದರೆ ಹೊರೆಯೆಲ್ಲ ಎತ್ತಿನ ಕೊರಳ ಮೇಲೆ ಬೀಳುತ್ತದೆ. ಜೇಡರ ದಾಸಿಮಯ್ಯನವರು ತಮ್ಮ ವಚನವೊಂದರಲ್ಲಿ ಈ ಕಡೆಗೀಲನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿರುವುದನ್ನು ನಮ್ಮ ಓದುಗರು ಬಲ್ಲರು. ಅತ್ಯಂತ ಸಣ್ಣದಾದ ವಸ್ತುವೇ ಅತ್ಯಂತ ದೊಡ್ಡ ಭಾರವನ್ನು ಹಿಡಿದು ನಿಲ್ಲಿಸಿರುತ್ತದೆ ಎಂಬ ಅರಿವು ಗಾಡಿಯ ಕಾಲದಲ್ಲಿ ಎಲ್ಲರಿಗೂ ಇತ್ತು. ಇಂದಿನ ಲಾರಿಯಲ್ಲಿಯೂ ಅಂತಹ ಕಡಾಣಿಗಳು ಹತ್ತಾರಿವೆ. ಅವು ಮುಚ್ಚಳದ ಕೆಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಮ್ಮ ದಾರಿಗಳ ಸ್ವಭಾವ

ದಾರಿ ಎಂಥದೆಂದು ತಿಳಿದರೆ ತಪಾಸಣೆ ಏಕೆ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಅಗಲಗೊಳಿಸಿ ೨೦೨೩ರ ಮಾರ್ಚ್ ೧೨ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಅಲ್ಲಿ ವಾಹನಗಳ ವೇಗ ಹೆಚ್ಚು. ನಡುರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಬರುವವರು ಗುದ್ದುವ ಭಯವೂ ಹೆಚ್ಚು. ಪಾಂಡವಪುರದಿಂದ ನಾಗಮಂಗಲದತ್ತ ಹೋಗುವ ಮಾರ್ಗ ಏರಿಳಿತಗಳದ್ದು. ಮೇಲುಕೋಟೆಯ ಬೆಟ್ಟದ ತಿರುವುಗಳಲ್ಲಿ ಬ್ರೇಕು ಮತ್ತು ಸ್ಟೀರಿಂಗುಗಳ ಬಲವೆಲ್ಲ ಪರೀಕ್ಷೆಯಾಗುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಹಾದುಹೋಗುವ ಮಂಗಳೂರು ಹೆದ್ದಾರಿ ಮುಂದೆ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಕೃಷ್ಣರಾಜಪೇಟೆಯ ಹಳ್ಳಿಗಳಿಂದ ಮಾಕವಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವವರು ಗದ್ದೆಯ ಬದುವಿನ ಕೆಸರು, ಧೂಳುಗಳಿಂದ ಹೊರಟು ರಸ್ತೆ ಸೇರಬೇಕು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಸೀಮೆಯ ಅನೇಕ ರಸ್ತೆಗಳು ನಾಲೆಯ ಏರಿಯ ಮಗ್ಗುಲಲ್ಲೇ ಸಾಗುತ್ತವೆ. ೨೦೧೮ರ ನವೆಂಬರ್ ೨೪ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ೩೦ ಮಂದಿ ಜಲಸಮಾಧಿಯಾದರು. ಶಾಲೆ ಬಿಟ್ಟು ಮನೆಗೆ ಹಿಂದಿರುಗುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಅದನ್ನು ನೆನೆದಾಗ ಇಂದಿಗೂ ಕರುಳು ಹಿಂಡಿದಂತಾಗುತ್ತದೆ. ನಾಲೆಯ ಏರಿಯ ರಸ್ತೆಯಲ್ಲಿ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಅಂಚೆಂಬುದೇ ಇಲ್ಲ. ಅಂತಹ ದಾರಿಗೆ ಇಳಿಯುವ ಪ್ರತಿಯೊಂದು ವಾಹನವೂ ನಿಂತಲ್ಲಿಯೇ ಪರೀಕ್ಷೆಗೊಳಪಟ್ಟು ಹೊರಡುವುದು ಕ್ಷೇಮ.

ಮೊದಲು ನೆಲವನ್ನು ನೋಡಬೇಕು

ತಪಾಸಣೆ ಆರಂಭವಾಗುವುದು ಎಂಜಿನ್ನಿನಿಂದಲ್ಲ, ನೆಲದಿಂದ. ರಾತ್ರಿಯೆಲ್ಲ ನಿಂತಿದ್ದ ಲಾರಿಯ ಕೆಳಗೆ ಬೆಳಿಗ್ಗೆ ಬಗ್ಗಿ ನೋಡಿದರೆ ಅದು ತನ್ನ ಕಾಯಿಲೆಯನ್ನು ತಾನೇ ನೆಲದ ಮೇಲೆ ಬರೆದಿಟ್ಟಿರುತ್ತದೆ. ಕಪ್ಪು ಜಿಡ್ಡಿನ ಕಲೆಯಿದ್ದರೆ ಎಂಜಿನ್ ಎಣ್ಣೆ. ಹಸಿರು ಇಲ್ಲವೇ ಗುಲಾಬಿ ಬಣ್ಣದ ನೀರಾಗಿದ್ದರೆ ರೇಡಿಯೇಟರಿನ ಕೂಲಂಟು. ವಾಸನೆಯಿಂದಲೇ ತಿಳಿಯುವುದು ಡೀಸೆಲ್ಲು. ತೊಟ್ಟಿಕ್ಕುವ ಜಾಗದ ನೇರ ಮೇಲೆ ನೋಡಿದರೆ ಸೋರಿಕೆ ಎಲ್ಲಿಯದೆಂಬುದೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ಲಾರಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಹ್ಯಾಂಡ್ ಬ್ರೇಕು ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡೇ ಚಾಲಕನು ಕೆಲಸಕ್ಕೆ ತೊಡಗಬೇಕು. ಕೀಲಿಕೈ ಗಾಡಿಯಲ್ಲೇ ಉಳಿದು, ತಿಳಿಯದೆ ಇನ್ನೊಬ್ಬನು ಸ್ಟಾರ್ಟ್ ಮಾಡಿದರೆ ಬೆಲ್ಟಿಗೋ ಫ್ಯಾನಿಗೋ ಕೈ ಸಿಕ್ಕಿಕೊಳ್ಳುವ ಅಪಾಯವುಂಟು.

ಮುಂದಕ್ಕೆ ಮೂತಿ ಚಾಚಿದ್ದ ಹಳೆಯ ಲಾರಿಗಳಲ್ಲಿ ಬಾನೆಟ್ಟನ್ನು ಎತ್ತಿದರೆ ಎಂಜಿನ್ನು ಕಾಣುತ್ತಿತ್ತು. ಈಗಿನ ಚಪ್ಪಟೆ ಮುಖದ ಲಾರಿಗಳಲ್ಲಿ ಚಾಲಕನ ಕ್ಯಾಬಿನ್ನೇ ಎಂಜಿನ್ನಿನ ಮೇಲಿರುತ್ತದೆ. ನಿತ್ಯದ ತಪಾಸಣೆಯ ಅನೇಕ ಅಂಶಗಳಿಗೆ ಮುಂಭಾಗದ ಮುಚ್ಚಳ ತೆರೆದರೆ ಸಾಕು. ಒಳಗನ್ನು ಪೂರ್ಣ ನೋಡಬೇಕಾದಾಗ ಕ್ಯಾಬಿನ್ನನ್ನೇ ಮುಂದಕ್ಕೆ ಬಾಗಿಸಬೇಕು. ಬಾಗಿಸುವ ಮುನ್ನ ಒಳಗಿನ ಸಾಮಾನುಗಳನ್ನು ತೆಗೆದಿಡಬೇಕು, ಮುಂದೆ ಯಾರೂ ನಿಂತಿರಬಾರದು. ಅರ್ಧಕ್ಕೆ ನಿಂತ ಕ್ಯಾಬಿನ್ನಿನ ಕೆಳಗೆ ತಲೆ ಹಾಕುವುದು ಸಾವಿನ ಬಾಯಿಗೆ ತಲೆ ಕೊಟ್ಟಂತೆ. ಪೂರ್ತಿ ಬಾಗಿ, ಆಸರೆಯ ಕೊಂಡಿ ಬಿದ್ದ ಮೇಲೆಯೇ ಕೈ ಹಾಕಬೇಕು. ಕೆಳಗಿಳಿಸಿದ ಮೇಲೆ ಲಾಕು ಪೂರ್ಣ ಕಚ್ಚಿದೆಯೇ ಎಂದು ಮತ್ತೊಮ್ಮೆ ನೋಡದೆ ಹೊರಡಬಾರದು.

ಎಣ್ಣೆ ಮತ್ತು ನೀರು

"ಎಣ್ಣೆ-ನೀರು ನೋಡಿದೆಯಾ?" ಎಂಬುದು ಲಾರಿಯವರ ಲೋಕದಲ್ಲಿ ಕುಶಲಪ್ರಶ್ನೆಯಷ್ಟೇ ರೂಢಿಯಾದ ಮಾತು. ಆ ಎರಡೇ ಪದಗಳಲ್ಲಿ ತಪಾಸಣೆಯ ಸಾರವೆಲ್ಲ ಅಡಗಿದೆ.

ಎಣ್ಣೆಯ ಮಟ್ಟವನ್ನು ತಿಳಿಸುವುದು ಡಿಪ್‌ಸ್ಟಿಕ್ಕು ಎಂಬ ಉದ್ದನೆಯ ಕಡ್ಡಿ. ಅದನ್ನು ಹೊರತೆಗೆದು, ಶುಭ್ರವಾದ ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ಣ ಇಳಿಸಿ, ಪುನಃ ತೆಗೆದು ನೋಡಬೇಕು. ಎಣ್ಣೆಯ ಗುರುತು ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ಆಗತಾನೇ ಎಂಜಿನ್ ನಿಲ್ಲಿಸಿ ನೋಡಿದರೆ ಎಣ್ಣೆಯೆಲ್ಲ ಕೆಳಕ್ಕೆ ಇಳಿದಿರುವುದಿಲ್ಲವಾದ್ದರಿಂದ ಲೆಕ್ಕ ತಪ್ಪುತ್ತದೆ. ಬೆಳಗಿನ ಹೊತ್ತೇ ಉತ್ತಮ. ಎಣ್ಣೆ ಕಡಿಮೆಯಾದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ನು ಹಿಡಿದುಕೊಳ್ಳುತ್ತದೆ. ಹಾಗೆಂದು ಮೇಲಿನ ಗೆರೆ ಮೀರಿ ತುಂಬುವುದೂ ಸಲ್ಲದು. ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಎಣ್ಣೆ ಲೋಹವನ್ನು ಕಾಪಾಡಲಾರದು.

ಮಟ್ಟದಷ್ಟೇ ಮುಖ್ಯವಾದುದು ಎಣ್ಣೆಯ ಬಣ್ಣ ಮತ್ತು ವಾಸನೆ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗುವುದು ಸಹಜ. ಆದರೆ ಅದು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದರ್ಥ. ಗ್ಯಾಸ್ಕೆಟ್ಟೋ ಎಣ್ಣೆ ತಣಿಸುವ ಕೂಲರೋ ಕೆಟ್ಟಿದೆ. ಎಣ್ಣೆ ತೆಳುವಾಗಿ ಡೀಸೆಲ್ಲಿನ ವಾಸನೆ ಹೊಡೆದರೆ ಇಂಧನ ಒಳಗೆ ಸೋರುತ್ತಿದೆ. ಈ ಎರಡು ಲಕ್ಷಣಗಳಲ್ಲಿ ಯಾವುದು ಕಂಡರೂ ಲಾರಿ ಗ್ಯಾರೇಜಿಗೆ ಹೋಗಬೇಕೇ ಹೊರತು ರಸ್ತೆಗಲ್ಲ.

ಇನ್ನು ನೀರು. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗೆ ಒತ್ತಡವಿರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒತ್ತಡ ಇಳಿದು ಅದೆಲ್ಲವೂ ಒಮ್ಮೆಗೇ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಈ ಒಂದು ಅವಸರದಿಂದ ಮುಖ, ಎದೆ ಸುಟ್ಟುಕೊಂಡ ಕ್ಲೀನರ್ ಹುಡುಗರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೊಸ ಲಾರಿಗಳಲ್ಲಿ ಪಾರದರ್ಶಕ ಡಬ್ಬಿಯೊಂದಿದ್ದು ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ.

ನೀರು ಕಡಿಮೆಯಾಯಿತೆಂದು ದಾರಿಬದಿಯ ಕೊಳವೆಬಾವಿಯ ನೀರನ್ನು ಸುರಿಯುವ ಅಭ್ಯಾಸ ನಮ್ಮ ಕಡೆ ಹೆಚ್ಚು. ಗಡಸು ನೀರಿನಲ್ಲಿರುವ ಸುಣ್ಣ, ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಪದರಗಟ್ಟುವಂತೆ, ಎಂಜಿನ್ನಿನ ನೀರಿನ ದಾರಿಗಳಲ್ಲಿಯೂ ಪದರಗಟ್ಟುತ್ತದೆ. ಆ ಪದರ ಬೆಳೆದಂತೆಲ್ಲ ಶಾಖ ಹೊರಹೋಗುವ ದಾರಿ ಕಿರಿದಾಗುತ್ತದೆ. ತಯಾರಕರು ಹೇಳಿದ ಕೂಲಂಟನ್ನು ಅವರು ಹೇಳಿದ ಪ್ರಮಾಣದಲ್ಲಿ ಬಳಸುವುದೇ ಸರಿಯಾದ ಕ್ರಮ. ತುರ್ತಿಗೆ ಬರಿಯ ನೀರು ಹಾಕಬೇಕಾಗಿ ಬಂದರೆ ಊರು ಸೇರಿದ ಮೇಲೆ ಅದನ್ನು ತೆಗೆಸಿ ಬದಲಾಯಿಸಬೇಕು.

ಬೆಲ್ಟು, ಗಾಳಿ ಮತ್ತು ಸ್ಟೀರಿಂಗು

ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಬೆಲ್ಟು ನೋಡಲು ಒಂದು ರಬ್ಬರಿನ ಪಟ್ಟಿ ಮಾತ್ರ. ಬಹುತೇಕ ಲಾರಿಗಳಲ್ಲಿ ನೀರಿನ ಪಂಪು ತಿರುಗುವುದೂ ಬ್ಯಾಟರಿ ಚಾರ್ಜಾಗುವುದೂ ಅದರಿಂದಲೇ. ಅದು ಹರಿದರೆ ಅತ್ತ ದೀಪ ಮಂಕಾಗುತ್ತದೆ, ಇತ್ತ ಎಂಜಿನ್ನು ಕಾಯುತ್ತದೆ. ಬೆಲ್ಟಿನ ಒಳಮೈಯಲ್ಲಿ ಬಿರುಕುಗಳಿವೆಯೇ, ಅಂಚಿನ ದಾರ ಬಿಚ್ಚಿದೆಯೇ, ಗಾಜಿನಂತೆ ನುಣುಪಾಗಿ ಹೊಳೆಯುತ್ತಿದೆಯೇ, ಎಣ್ಣೆ ತಾಗಿದೆಯೇ ಎಂದು ನೋಡಬೇಕು. ಹಳೆಯ ಮಾದರಿಗಳಲ್ಲಿ ಎರಡು ಚಕ್ರಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ಬಗ್ಗಿದರೆ ಬಿಗಿ ಸರಿಯಾಗಿದೆಯೆಂದು ಮೆಕ್ಯಾನಿಕ್ಕುಗಳು ಹೇಳುತ್ತಾರೆ. ಹೊಸವುಗಳಲ್ಲಿ ಬಿಗಿಯನ್ನು ಕಾಯುವ ಟೆನ್ಷನರು ತಾನೇ ಇರುತ್ತದೆ.

ಭಾರಿ ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ. ಆ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರು ಎಂಜಿನ್ನಿಗೇ ಸೇರಿದೆ. ಅದರ ಕೊಳವೆಗಳು ಒಂದಕ್ಕೊಂದು ಉಜ್ಜಿ ಸವೆದಿಲ್ಲವೇ, ಜೋಡಣೆಗಳು ಸಡಿಲವಾಗಿಲ್ಲವೇ ಎಂದು ಕಣ್ಣಿನಿಂದ ನೋಡಬೇಕು. ಆಮೇಲೆ ಗಾಳಿ ತುಂಬಿಸಿ ಎಂಜಿನ್ ನಿಲ್ಲಿಸಿ ಕಿವಿಯಿಂದ ಆಲಿಸಬೇಕು. ಎಲ್ಲಿಯಾದರೂ ಬುಸ್ಸೆಂಬ ಸದ್ದಿದ್ದರೆ, ಇಲ್ಲವೇ ಗಾಳಿಯ ಮಾಪಕದ ಮುಳ್ಳು ನಿಂತಲ್ಲೇ ಇಳಿಯುತ್ತಿದ್ದರೆ ಸೋರಿಕೆಯಿದೆ. ಗಾಳಿಯ ಟ್ಯಾಂಕಿನಲ್ಲಿ ಸೇರುವ ನೀರನ್ನು ಆಗಾಗ ಹೊರಬಿಡುವುದೂ ಈ ಕೆಲಸಕ್ಕೇ ಸೇರಿದ್ದು. ತುಂಬಿದ ಕಬ್ಬಿನ ಲಾರಿ ಇಳಿಜಾರಿನಲ್ಲಿರುವಾಗ ಗಾಳಿ ಕೈಕೊಟ್ಟರೆ ಚಾಲಕನ ಯಾವ ಚಾತುರ್ಯವೂ ನೆರವಿಗೆ ಬಾರದು.

ಸ್ಟೀರಿಂಗ್ ಪೆಟ್ಟಿಗೆಯನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಬಿಗಿಯಾಗಿವೆಯೇ, ಪವರ್ ಸ್ಟೀರಿಂಗಿನ ಎಣ್ಣೆ ಗೆರೆಯ ಮಟ್ಟದಲ್ಲಿದೆಯೇ ಎಂದು ನೋಡಿದ ಮೇಲೆ, ಒಬ್ಬನು ಚಕ್ರವನ್ನು ಅತ್ತಿತ್ತ ಸ್ವಲ್ಪ ಅಲುಗಿಸುತ್ತಿರಲು ಇನ್ನೊಬ್ಬನು ಕೆಳಗಿನ ಸರಳುಗಳ ಕೀಲುಗಳನ್ನು ಗಮನಿಸಬೇಕು. ಆ ಕೀಲುಗಳ ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ತೂರಿಸಿ ಬಗ್ಗಿಸಿರುವ ಒಂದು ಸಣ್ಣ ತಂತಿಯಂಥ ಪಿನ್ನಿದೆ. ಸ್ಪ್ಲಿಟ್ ಪಿನ್ನೆಂದು ಕರೆಯುತ್ತಾರೆ. ಕೆಲವೇ ರೂಪಾಯಿ ಬೆಲೆಯ ಆ ಪಿನ್ನು ಇಂದಿನ ಕಡಾಣಿ. ದುರಸ್ತಿಯ ನಂತರ ಅದನ್ನು ಹಾಕಲು ಮರೆತರೆ ನಟ್ಟು ದಿನದಿಂದ ದಿನಕ್ಕೆ ಸಡಿಲವಾಗಿ ಒಂದು ತಿರುವಿನಲ್ಲಿ ಸರಳು ಕಳಚುತ್ತದೆ; ಚಕ್ರ ಒಂದು ಕಡೆ, ಗಾಲಿ ಒಂದು ಕಡೆ ಆಗುತ್ತದೆ. ಗ್ಯಾರೇಜಿನಿಂದ ಬಂದ ಲಾರಿಯನ್ನು ಮೊದಲ ದಿನ ಹೆಚ್ಚು ಎಚ್ಚರದಿಂದ ನೋಡಬೇಕೆಂದು ಹಿರಿಯ ಚಾಲಕರು ಹೇಳುವುದು ಇದಕ್ಕಾಗಿಯೇ.

ಕಬ್ಬಿನ ತರಗು ಮತ್ತು ಬೆಂಕಿಯ ಭಯ

ನಮ್ಮ ಸೀಮೆಯ ಲಾರಿಗಳಿಗೆ ವಿಶೇಷವಾದ ಅಪಾಯವೊಂದಿದೆ. ಕಬ್ಬಿನ ಒಣಗಿದ ತರಗು, ಭತ್ತದ ಹುಲ್ಲು, ತೆಂಗಿನ ನಾರು ಇವೆಲ್ಲ ಗಾಳಿಗೆ ಹಾರಿ ಎಂಜಿನ್ನಿನ ಸಂದುಗೊಂದುಗಳಲ್ಲಿ ಸೇರಿಕೊಳ್ಳುತ್ತವೆ. ರೇಡಿಯೇಟರಿನ ಜಾಲರಿಗೆ ಅಂಟಿದ ತರಗು ಗಾಳಿಯನ್ನು ತಡೆದು ಎಂಜಿನ್ನನ್ನು ಕಾಯಿಸುತ್ತದೆ. ಹೊಗೆ ಹೊರಹೋಗುವ ಮ್ಯಾನಿಫೋಲ್ಡು ಮತ್ತು ಟರ್ಬೊಗಳ ಬಳಿ ಸೇರಿದ ತರಗಂತೂ ಒಲೆಯ ಬಾಯಿಗೆ ಇಟ್ಟ ಸೌದೆಯಂತೆ. ಅದಕ್ಕೆ ಡೀಸೆಲ್ಲಿನ ಒಂದು ಸೋರಿಕೆಯೋ ಎಣ್ಣೆಯ ಜಿಡ್ಡೋ ಕೂಡಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಗದ್ದೆಯಿಂದ ಹೊರಬಂದ ಲಾರಿಯ ಎಂಜಿನ್ನು ತಣಿದಿರುವಾಗ ತರಗನ್ನೆಲ್ಲ ಕೈಯಿಂದ ತೆಗೆದು ಗುಡಿಸುವುದು ಕಬ್ಬಿನ ಸೀಮೆಯ ಚಾಲಕನ ನಿತ್ಯಕರ್ಮವಾಗಬೇಕು. ಕಬ್ಬು ಎಳೆಯುವ ಟ್ರ್ಯಾಕ್ಟರುಗಳಿಗೂ ಈ ಮಾತು ಅಷ್ಟೇ ಅನ್ವಯ.

ಆಲೆಮನೆಯ ಅಂಗಳದಲ್ಲೋ ಗೋದಾಮಿನ ಪಕ್ಕದಲ್ಲೋ ನಾಲ್ಕಾರು ದಿನ ನಿಂತ ಲಾರಿಯೊಳಗೆ ಇಲಿಗಳು ಮನೆ ಮಾಡುತ್ತವೆ. ಅವು ತಂದಿಟ್ಟ ಹುಲ್ಲು ಒಂದು ಅಪಾಯ. ಕಡಿದ ತಂತಿ ಇನ್ನೊಂದು. ತಂತಿಯ ಹೊದಿಕೆ ಹೋಗಿ ತಾಮ್ರ ಕಾಣುತ್ತಿದ್ದರೆ ಟೇಪು ಸುತ್ತಿ ಮರೆಮಾಚದೆ ತಂತಿ ಬದಲಾಯಿಸಿಯೇ ಹೊರಡಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿ-ನೀಲಿ ಪುಡಿ ಕಟ್ಟಿದ್ದರೆ ತೆಗೆದು, ಕೊಂಡಿಗಳನ್ನು ಬಿಗಿ ಮಾಡಬೇಕು.

ಡೀಸೆಲ್ ಕೊಳವೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಈಗಿನ ಎಂಜಿನ್ನುಗಳಲ್ಲಿ ಡೀಸೆಲ್ಲು ಅತ್ಯಧಿಕ ಒತ್ತಡದಲ್ಲಿ ಹರಿಯುತ್ತದೆ. ಎಂಜಿನ್ನು ಓಡುತ್ತಿರುವಾಗ ಸೋರಿಕೆಯನ್ನು ಬೆರಳಿನಿಂದ ತಡಕಿ ಹುಡುಕಬಾರದು; ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಚರ್ಮವನ್ನು ಹೊಕ್ಕು ಕೈಯನ್ನೇ ಕಳೆಯಬಲ್ಲದು. ಡೀಸೆಲ್ ಸೋಸುವ ಫಿಲ್ಟರಿನ ಕೆಳಗೆ ಸೇರಿದ ನೀರನ್ನು ಎಂಜಿನ್ ನಿಂತಿರುವಾಗ ಹೊರಬಿಡಬೇಕು. ಗದ್ದೆಯ ಧೂಳಿನಲ್ಲಿ ತಿರುಗುವ ಗಾಡಿಯ ಗಾಳಿಯ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ. ಅದರ ಸೂಚಕ ಕೆಂಪಾಗಿದೆಯೇ ಎಂದು ನೋಡಲು ಅರೆನಿಮಿಷವೂ ಬೇಡ.

ಹೊಸ ಲಾರಿಗಳ ಹೊಸ ಪಾಠ

೨೦೨೦ರ ಏಪ್ರಿಲ್ ೧ರಿಂದ ದೇಶದಲ್ಲಿ ಬಿ.ಎಸ್.-೬ ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಆನಂತರ ಬಂದ ಭಾರಿ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಜೊತೆಗೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು ಇರುತ್ತದೆ. ಅದಕ್ಕೆ ಹಾಕುವುದು ಶೇಕಡ ೩೨.೫ರಷ್ಟು ಯೂರಿಯಾ ಕರಗಿಸಿದ ಶುದ್ಧ ದ್ರಾವಣ. ಗದ್ದೆಗೆ ಎರಚುವ ಯೂರಿಯಾವನ್ನು ನಲ್ಲಿ ನೀರಿನಲ್ಲಿ ಕಲಸಿ ಹಾಕಿದರೂ ಆದೀತೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಹಾಗೆ ಮಾಡಿದರೆ ಬೆಲೆಬಾಳುವ ಭಾಗಗಳು ಕೆಟ್ಟುಹೋಗುತ್ತವೆ. ಆ ದ್ರಾವಣ ಮುಗಿಯುತ್ತ ಬಂದರೆ ದೀಪ ಹೊತ್ತಿ ಎಚ್ಚರಿಸುತ್ತದೆ. ಅಲಕ್ಷಿಸಿದರೆ ಎಂಜಿನ್ನು ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ.

ಹೊಸ ಲಾರಿಗಳಲ್ಲಿ ಎಲ್ಲಕ್ಕೂ ದೀಪವಿದೆಯಲ್ಲ, ಕಣ್ಣಿನಿಂದ ನೋಡುವುದೇಕೆ ಎಂದು ತರುಣ ಚಾಲಕರು ಕೇಳುವುದುಂಟು. ದೀಪ ಹೊತ್ತುವುದು ಕೇಡು ಸಂಭವಿಸಿದ ಮೇಲೆ. ಕಣ್ಣು ಕಾಣುವುದು ಅದಕ್ಕೆ ಮೊದಲು. ಸವೆಯುತ್ತಿರುವ ಬೆಲ್ಟಿಗೆ, ಕಾಣೆಯಾದ ಪಿನ್ನಿಗೆ, ಸಂದಿನಲ್ಲಿ ಸೇರಿದ ತರಗಿಗೆ ಯಾವ ದೀಪವೂ ಇಲ್ಲ.

ಎಲ್ಲವನ್ನೂ ನೋಡಿದ ಮೇಲೆ ಎಂಜಿನ್ ಚಾಲೂ ಮಾಡಿ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಎಣ್ಣೆಯ ಒತ್ತಡದ ದೀಪ ಆರಿತೇ, ಗಾಳಿ ಏರಿತೇ, ಹೊಸದಾದ ಸದ್ದೇನಾದರೂ ಇದೆಯೇ ಎಂದು ಗಮನಿಸಬೇಕು. ಹೊಗೆಯ ಬಣ್ಣವೂ ಮಾತನಾಡುತ್ತದೆ. ನೀಲಿಯಾದರೆ ಎಣ್ಣೆ ಉರಿಯುತ್ತಿದೆ. ದಟ್ಟ ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಚಳಿಯ ಬೆಳಗಿನಲ್ಲಿ ಬಿಳಿಯ ಹೊಗೆ ಸ್ವಲ್ಪ ಹೊತ್ತು ಸಹಜ, ಎಂಜಿನ್ನು ಬಿಸಿಯಾದ ಮೇಲೂ ನಿಲ್ಲದಿದ್ದರೆ ಚಿಂತಿಸತಕ್ಕದ್ದು.

ಈ ಅರ್ಧ ಗಳಿಗೆ ಯಾರದು?

ಇಷ್ಟೆಲ್ಲವನ್ನು ಚಾಲಕರು ಅರಿಯರೆಂದು ಓದುಗರು ಭಾವಿಸಬಾರದು. ಅವರಲ್ಲಿ ಬಹುಮಂದಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಪಾಂಡವಪುರದ ಕಡೆ ಕಬ್ಬಿನ ಲಾರಿಗಳ ಸಾಲಿನಲ್ಲಿ ನಿಂತಿದ್ದ ಹಿರಿಯ ಚಾಲಕರೊಬ್ಬರನ್ನು ನಾವು ಈ ವಿಷಯವಾಗಿ ಕೇಳಿದೆವು.

"ಬುದ್ಧಿ, ಗೇಟು ತೆಗೆದ ತಕ್ಷಣ ಗಾಡಿ ಮುಂದಕ್ಕೆ ಬಿಡದಿದ್ರೆ ಹಿಂದಿನವನು ಹಾರನ್ ಹೊಡೀತಾನೆ. ಕಬ್ಬು ಇಳಿಸಿದ ತಕ್ಷಣ ಓನರು ಫೋನು ಮಾಡ್ತಾರೆ, ಇನ್ನೊಂದು ಲೋಡು ಅಂತ. ಎಣ್ಣೆ-ನೀರು ನೋಡೋಕೆ ಹೊತ್ತೆಲ್ಲಿ?" ಎಂದರು.

"ಸಾಲಿನಲ್ಲಿ ರಾತ್ರಿಯೆಲ್ಲ ನಿಂತಿರುತ್ತೀಯಲ್ಲಪ್ಪ, ಆಗ ನೋಡಬಹುದಲ್ಲ?" ಎಂದೆವು.

"ಆಗ ನಿದ್ದೆ ಬುದ್ಧಿ. ನಿದ್ದೆ ಇಲ್ದಿದ್ರೆ ಗಾಡಿ ನೆಟ್ಟಗಿದ್ದೇನು ಬಂತು?" ಎಂದು ನಕ್ಕರು.

ಆ ನಗೆಯ ಹಿಂದಿನ ಸತ್ಯವನ್ನು ನಾವೆಲ್ಲರೂ ವಿಚಾರಮಾಡಬೇಕು. ಕಡಿದ ಕಬ್ಬು ತಡವಾದಷ್ಟೂ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ, ರೈತನಿಗೆ ಆತುರ. ಕಂತು ಕಟ್ಟಬೇಕು, ಮಾಲೀಕನಿಗೆ ಆತುರ. ಟ್ರಿಪ್ಪಿನ ಲೆಕ್ಕದಲ್ಲಿ ಭತ್ಯೆ, ಚಾಲಕನಿಗೂ ಆತುರ. ಈ ಮೂರು ಆತುರಗಳ ನಡುವೆ ಮೊದಲು ಕಳೆದುಹೋಗುವುದು ಆ ಅರ್ಧ ಗಳಿಗೆಯೇ.

ಕಾನೂನು ಈ ಹೊಣೆಯನ್ನು ಚಾಲಕನೊಬ್ಬನ ತಲೆಗೆ ಕಟ್ಟಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಪ್ರಕರಣವು, ಅಪಾಯಕರವಾದ ದೋಷವಿರುವ ವಾಹನವನ್ನು ಓಡಿಸುವವನನ್ನು ಮಾತ್ರವಲ್ಲದೆ ಓಡಿಸಗೊಡುವವನನ್ನೂ ತಪ್ಪಿತಸ್ಥನೆನ್ನುತ್ತದೆ. ದೋಷ ತಿಳಿದಿರಲಿಲ್ಲವೆಂಬ ನೆಪವೂ ಅಲ್ಲಿ ಸುಲಭವಾಗಿ ನಡೆಯದು. ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಅದರ ವ್ಯಾಪ್ತಿಗೆ ಬರುತ್ತದೆ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಡೆಯಬೇಕಾದ ಅರ್ಹತಾಪತ್ರ ನಿತ್ಯದ ಈ ಎಚ್ಚರಿಕೆಗೆ ಬದಲಾಗಲಾರದು. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ವಿಧಿಸಿದಾಗ, ಗಾಲಿ ಉರುಳುವ ಹೊತ್ತನ್ನು ಮಾತ್ರವಲ್ಲದೆ ವಾಹನವನ್ನು ಸುಸ್ಥಿತಿಯಲ್ಲಿಡಲು ಹಿಡಿಯುವ ಹೊತ್ತನ್ನೂ ದುಡಿಮೆಯ ವೇಳೆಯೆಂದೇ ಎಣಿಸಿತ್ತು. ಎಂಜಿನ್ ನೋಡುವುದು ಸೋಮಾರಿತನವಲ್ಲ, ದುಡಿಮೆ. ನಮ್ಮ ಪರಂಪರೆಯ ಮಾತಿನಲ್ಲಿ ಹೇಳುವುದಾದರೆ ಅದು ಕಾಯಕದ ಅಂಗ. ಅಂಗವನ್ನು ಕತ್ತರಿಸಿ ಕಾಯಕವನ್ನು ಪೂರ್ಣವೆನ್ನಲಾಗದು.

ಆದುದರಿಂದ ಲಾರಿ ಇಟ್ಟಿರುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ಆ 12 ನಿಮಿಷವನ್ನು ಚಾಲಕನಿಗೆ ಬಾಯಿಬಿಟ್ಟು ಕೊಡಿರಿ. "ನೋಡಿ ಹೊರಡಪ್ಪ, ತಡವಾದರೆ ಚಿಂತೆಯಿಲ್ಲ" ಎಂಬ ಒಂದು ಮಾತು ಹೊಸ ಬಿಡಿಭಾಗಕ್ಕಿಂತ ಬೆಲೆಯುಳ್ಳದ್ದು. ದೋಷವನ್ನು ಕಂಡು ಗಾಡಿ ನಿಲ್ಲಿಸಿದವನ ಭತ್ಯೆಯನ್ನು ಕತ್ತರಿಸಬೇಡಿರಿ. ಕತ್ತರಿಸಿದರೆ ನಾಳೆ ಅವನು ದೋಷವನ್ನು ಕಂಡರೂ ಹೇಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಣ್ಣೆ, ನೀರು, ಬೆಲ್ಟು, ಗಾಳಿ, ಸ್ಟೀರಿಂಗು, ತಂತಿ ಎಂದು ಬರೆದು ಗುರುತು ಹಾಕುವ ಪದ್ಧತಿಯನ್ನು ಬೆಳೆಸಿರಿ. ಇಂದು ಎರಡು ಲೀಟರು, ನಾಲ್ಕು ದಿನಕ್ಕೆ ಮತ್ತೆ ಎರಡು ಲೀಟರು ಎಣ್ಣೆ ಹಾಕಿದ ಲೆಕ್ಕ ಆ ಪುಸ್ತಕದಲ್ಲಿ ಕಂಡಾಗಲೇ ಒಳಗಿನ ಕಾಯಿಲೆ ತಿಳಿಯುವುದು.

ಮನೆಯ ತಾಯಂದಿರಿಗೂ ಒಂದು ಮಾತು. ಆಯುಧಪೂಜೆಯ ದಿನ ಲಾರಿಯನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುತ್ತೇವೆ. ಒಳ್ಳೆಯದು. ಆದರೆ ಪೂಜೆ ವರ್ಷಕ್ಕೊಂದು ದಿನದ್ದಾದರೆ ಸಾಲದೆಂಬುದು, ದಿನವೂ ಲಿಂಗಪೂಜೆ ಮಾಡುವ ನಮಗೆ ಬೇರೆಯವರು ಹೇಳಿಕೊಡಬೇಕಾದುದಲ್ಲ. ಹೊರಗಿನ ಬಣ್ಣಕ್ಕೆ ಹಚ್ಚಿದ ಕುಂಕುಮ ಒಳಗಿನ ಬಿರುಕನ್ನು ಮುಚ್ಚದು. ಮಗನೋ ಗಂಡನೋ ಲಾರಿ ಹತ್ತುವಾಗ ಊಟದ ಬುತ್ತಿ ಕೊಡುವ ಜೊತೆಗೆ "ಎಣ್ಣೆ-ನೀರು ನೋಡಿದಿರಾ?" ಎಂದು ಕೇಳಿರಿ. ಯಂತ್ರ ತಿಳಿಯದವರು ಕೇಳಬಾರದೆಂಬ ನಿಯಮವೇನೂ ಇಲ್ಲ. ದಿನವೂ ಕೇಳುವವರು ಒಬ್ಬರಿದ್ದಾರೆಂದು ತಿಳಿದ ಚಾಲಕನು ದಿನವೂ ನೋಡಿಯೇ ನೋಡುತ್ತಾನೆ.

ಹಿಂದೆ ಗಾಡಿ ಹೊಡೆಯುವವನ ಮನೆಯಲ್ಲಿ ಕಡಾಣಿಯ ವಿಚಾರ ಹೆಂಗಸರು ಮಕ್ಕಳಿಗೆಲ್ಲ ಗೊತ್ತಿರುತ್ತಿತ್ತು. ಕೀಲೆಣ್ಣೆ ಕಲಸುವವರೂ ಅವರೇ ಆಗಿರುತ್ತಿದ್ದರು. ಎತ್ತು ಹೋಗಿ ಎಂಜಿನ್ನು ಬಂದಿದೆಯೆಂದ ಮಾತ್ರಕ್ಕೆ ಆ ಎಚ್ಚರ ಮನೆಯಿಂದ ಹೊರಟುಹೋಗಬೇಕಿಲ್ಲ. ಹೊರಟವರೆಲ್ಲರೂ ಕ್ಷೇಮವಾಗಿ ಮನೆ ಸೇರಲೆಂಬುದು ನಮ್ಮ ಹಾರೈಕೆ.